ಜ್ವರ ಬಿಟ್ಟ ದಿನ

ಪ್ರಶ್ನೆ: ನನಗೆ 26 ವರ್ಷ. ಎರಡು ವರ್ಷದ ಹಿಂದೆ ತಮ್ಮ ಡೆಂಗಿಯಿಂದ ತೀರಿಕೊಂಡ. ಅವನಿಗೆ 19. ಜ್ವರ ಬಂದ ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. ‘ಆದರೂ ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ’ ಅಂತ ಅಮ್ಮ ಕೇಳಿದರು. ‘ಜ್ವರ ಬಿಟ್ಟಿದೆಯಲ್ಲ, ನಾಳೆ ನೋಡೋಣ’ ಅಂದೆ. ಅಮ್ಮನೂ ‘ಸರಿ’ ಅಂದರು. ಗಂಜಿ ಮಾಡಿ ಕುಡಿಸಿದೆ. ರಾತ್ರಿ ಹೊಟ್ಟೆನೋವು, ವಾಂತಿ ಶುರುವಾಯಿತು. ಬೆಳಗಿನ ಜಾವ ಐಸಿಯುಗೆ ಸೇರಿಸಿದೆವು. ಮಾರನೇ ದಿನ ಹೋಗಿಬಿಟ್ಟ. ತಿಥಿಯ ದಿನ ಎಲ್ಲರೆದುರು ಅಮ್ಮ ‘ನೀನೇ ತಾನೇ ನಾಳೆ ಅಂದಿದ್ದು’ ಅಂದರು. ಆಮೇಲೆ ನನ್ನ ಜೊತೆ ಸರಿಯಾಗಿ ಮಾತೇ ಆಡಿಲ್ಲ. ಈಚೆಗೆ ಗೆಳತಿ ‘ಆರ್ಡಿನರಿ ಪೀಪಲ್’ ಅನ್ನೋ ಕಾದಂಬರಿ ಕೊಟ್ಟಳು. ನನ್ನದೇ ಕಥೆ ಅನ್ನಿಸಿ ಅರ್ಧಕ್ಕೇ ಮುಚ್ಚಿಟ್ಟೆ. ಅದರಲ್ಲಿನ ಹುಡುಗನದು ಅಪಘಾತ. ನನ್ನದು ತಪ್ಪು. ಈ ಭಾರ ಇಳಿಯುತ್ತಾ?

ಉತ್ತರ: ಪತ್ರ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ಗಂಜಿ. ಅಸಡ್ಡೆ ಇದ್ದವರು ಯಾರೂ ಒಲೆ ಮುಂದೆ ನಿಂತು ಗಂಜಿ ಕಾಯಿಸೋದಿಲ್ಲ. ತಮ್ಮ ಹುಷಾರಾಗುತ್ತಿದ್ದಾನೆ ಅಂತ ನಿಜವಾಗಲೂ ನಂಬಿದ್ದಿರಿ.

ಹಾಗೆ ನಂಬಿದ್ದು ಯಾಕೆ ತಪ್ಪಲ್ಲ ಅಂತ ಹೇಳುತ್ತೇನೆ. ಡೆಂಗಿ ಮೋಸ ಮಾಡೋದೇ ಅಲ್ಲಿ. ಉಳಿದ ಎಷ್ಟೋ ಜ್ವರಗಳಲ್ಲಿ ಮೈ ತಣ್ಣಗಾದರೆ ಗೆದ್ದ ಹಾಗೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಕೆಲವರಿಗೆ ಅಪಾಯ ಶುರುವಾಗೋದೂ ಆಗಲೇ. ರಕ್ತದ ನೀರಿನಂಶ ರಕ್ತನಾಳಗಳಿಂದ ಹೊರಗೆ ಸೋರುತ್ತದೆ, ಬಿಪಿ ಕುಸಿಯುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಸುಸ್ತು ಅದರ ಸೂಚನೆಗಳು. ನಿಮ್ಮ ತಮ್ಮನಿಗೆ ಅವು ಕಾಣಿಸಿದ್ದು ರಾತ್ರಿ. ಕಂಡ ರಾತ್ರಿಯೇ ನೀವು ಆಸ್ಪತ್ರೆಗೆ ಓಡಿದ್ದೀರಿ. ಬೆಳಿಗ್ಗೆ ನಿಮ್ಮ ಕಣ್ಣಿಗೆ ಬಿದ್ದದ್ದು ಜ್ವರ ಬಿಟ್ಟ ಹುಡುಗ ಮಾತ್ರ.

ಅಂದೇ ತೋರಿಸಿದ್ದರೆ ಉಳಿಯುತ್ತಿದ್ದನಾ? ಇರಬಹುದು. ಇಲ್ಲವೇ ಇಲ್ಲ ಅಂತ ನಾನು ಹೇಳಿದರೆ ನೀವೂ ನಂಬೋದಿಲ್ಲ, ಸುಮ್ನೆ ಸಮಾಧಾನ ಮಾಡ್ತಿದಾರೆ ಅಂದುಕೊಳ್ಳುತ್ತೀರಿ. ಆದರೆ ‘ಬೇರೆ ಥರ ಆಗಬಹುದಿತ್ತು’ ಅನ್ನೋದು ಒಂದು ಮಾತು, ‘ನಾನು ಕೊಂದೆ’ ಅನ್ನೋದು ಬೇರೆಯದೇ ಮಾತು. ನೀವು ಎರಡು ವರ್ಷದಿಂದ ಮೊದಲನೆಯದನ್ನು ಎರಡನೆಯದು ಅಂತ ಓದುತ್ತಿದ್ದೀರಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಆ ಗಾದೆ ನನಗೆ ಅಷ್ಟಾಗಿ ಹಿಡಿಸೋದಿಲ್ಲ. ಕೆಡುವ ಮುಂಚೆ ಆ ಬುದ್ಧಿ ಎಲ್ಲಿಂದ ಬರಬೇಕಿತ್ತು ಅಂತ ಅದು ಹೇಳೋದೇ ಇಲ್ಲ.

ಕಾದಂಬರಿಯ ವಿಷಯಕ್ಕೆ ಬರೋಣ. ಜೂಡಿತ್ ಗೆಸ್ಟ್ ಅದನ್ನು ಬರೆದದ್ದು 1976ರಲ್ಲಿ, ಅಮೆರಿಕದ ಒಂದು ಅನುಕೂಲಸ್ಥ ಮನೆಯ ಕಥೆ. ಬಿರುಗಾಳಿಗೆ ದೋಣಿ ಮಗುಚುತ್ತದೆ. ಅಣ್ಣ ಬಕ್ ಮುಳುಗುತ್ತಾನೆ, ತಮ್ಮ ಕಾನ್ರಾಡ್ ಬದುಕುತ್ತಾನೆ. ‘ಅವನದು ಅಪಘಾತ, ನನ್ನದು ತಪ್ಪು’ ಅಂತ ನೀವು ಬರೆದಿದ್ದೀರಿ. ತಮಾಷೆ ನೋಡಿ, ಆ ಹುಡುಗನನ್ನು ಕೇಳಿದ್ದರೆ ಅವನೂ ತನ್ನದೇ ತಪ್ಪು ಅಂತಿದ್ದ. ಅವನು ಮಾಡಿದ್ದೆಲ್ಲ ದೋಣಿಯನ್ನು ಬಿಡದೆ ಹಿಡಿದುಕೊಂಡದ್ದು, ಅಷ್ಟೇ. ಹೊರಗೆ ಕೂತು ಓದುವ ನಿಮಗೆ ಅವನ ತಪ್ಪಿಲ್ಲ ಅನ್ನೋದು ಥಟ್ಟನೆ ಕಂಡಿತು. ನಿಮ್ಮ ಕಥೆ ಓದುವ ನನಗೂ ಹಾಗೆಯೇ ಕಾಣುತ್ತಿದೆ.

ಇನ್ನೊಂದು ವಿಷಯ. ಕಾದಂಬರಿಯಲ್ಲಿ ಮೊದಲ ಪುಟದ ಸಣ್ಣ ಮಾತಿಗೂ ಕೊನೆಗೆ ಅರ್ಥ ಇರುತ್ತದೆ, ಬರೆದವರು ಬೇಕಂತಲೇ ಇಟ್ಟಿರುತ್ತಾರೆ. ‘ನಾಳೆ ನೋಡೋಣ’ ಅನ್ನೋದನ್ನು ಯಾರೂ ಹಾಗೆ ಇಟ್ಟದ್ದಲ್ಲ. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಕೊನೇ ಪುಟ ಓದಿ ಆಗಿದೆ ಅಂತ ನೀವು ಆ ಬೆಳಗನ್ನು ಕೊನೆಯಿಂದ ಮೊದಲಿಗೆ ಓದುತ್ತಿದ್ದೀರಿ, ಅಲ್ವಾ?

ಅಮ್ಮನ ಮಾತು ಕ್ರೂರವೇ, ಅದನ್ನು ಮುಚ್ಚಿಡೋದಿಲ್ಲ. ಆದರೆ ಆ ಬೆಳಿಗ್ಗೆ ಅವರೂ ‘ಸರಿ’ ಅಂದಿದ್ದರು. ಅದು ಅವರಿಗೆ ನಿಮಗಿಂತ ಜಾಸ್ತಿ ಚುಚ್ಚುತ್ತಿರಬೇಕು. ಹಾಗಂತ ಜಗಳದಲ್ಲಿ ಇದನ್ನೇ ಅವರ ಮೇಲೆ ಎಸೆಯಬೇಡಿ. ಇಬ್ಬರೇ ಇರುವಾಗ ಒಂದೇ ವಾಕ್ಯ ಹೇಳಿ: ‘ಅಮ್ಮಾ, ತಿಥಿ ದಿನ ನೀನು ಅಂದದ್ದು ನನ್ನ ಜೊತೆಗೇ ಮಲಗುತ್ತೆ, ಜೊತೆಗೇ ಏಳುತ್ತೆ.’ ವಾದ ಬೇಡ, ಡೆಂಗಿಯ ಪಾಠವೂ ಬೇಡ. ಅವರು ಎದ್ದು ಒಳಗೆ ಹೋಗಬಹುದು. ಕ್ಷಮೆ ಕೇಳದೆಯೂ ಇರಬಹುದು. ನೀವು ಓದದೆ ಬಿಟ್ಟ ಅರ್ಧದಲ್ಲೂ, ಮಗನಿಂದ ದೂರವೇ ಉಳಿದ ಕಾನ್ರಾಡ್‌ನ ತಾಯಿ ಮೆತ್ತಗಾಗೋದಿಲ್ಲ, ಮನೆ ಬಿಟ್ಟೇ ಹೋಗುತ್ತಾಳೆ. ಆದರೂ ಹುಡುಗ ಚೇತರಿಸಿಕೊಳ್ಳುತ್ತಾನೆ. ಅಮ್ಮನ ಬಾಯಿಂದ ಬಿಡುಗಡೆ ಬರಲಿ ಅಂತ ಕಾಯುತ್ತ ಕೂರಬೇಡಿ ಅನ್ನೋದಕ್ಕೇ ಇದನ್ನು ಹೇಳಿದೆ.

ಆ ಹುಡುಗನಿಗೆ ಒಬ್ಬ ಮನೋವೈದ್ಯ ಸಿಕ್ಕಿದ್ದ. ನಿಮಗೂ ಒಬ್ಬರು ಬೇಕು, ಎರಡು ವರ್ಷ ಸಣ್ಣ ಅವಧಿಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕೇ ಬೇಡ ಅನ್ನಿಸುವ ರಾತ್ರಿಗಳಿದ್ದರೆ ಇವತ್ತೇ ಮಾಡಿ.

ಕೊನೆಗೆ ಒಂದು ಕೇಳಲಾ? ಅಷ್ಟುದ್ದದ ಪತ್ರದಲ್ಲಿ ತಮ್ಮನ ಆರು ದಿನ ಇದೆ, 19 ವರ್ಷ ಇಲ್ಲ. ಅವನು ಏನು ತಿನ್ನುತ್ತಿದ್ದ, ನಿಮ್ಮನ್ನು ಏನಂತ ಕರೆಯುತ್ತಿದ್ದ, ಯಾವುದಕ್ಕೆ ಜಗಳ ತೆಗೆಯುತ್ತಿದ್ದ? ಮುಂದಿನ ಸಲ ಅದನ್ನು ಬರೆಯಿರಿ.