ಟ್ರ್ಯಾಕಿಂಗ್ ನಂಬರ್ ಬಂದರೆ ಅರ್ಜಿ ಸೇರಿತು ಅಂತಲ್ಲ

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರಿಂದ ಈ ಸಲ ಒಂದೇ ವಿಷಯದ ಮೇಲೆ ಪ್ರಶ್ನೆ ಜಾಸ್ತಿ ಬಂದಿವೆ. ಅಮೆರಿಕ ಸರ್ಕಾರದ ಅನುದಾನಕ್ಕೆ ಗ್ರಾಂಟ್ಸ್ ಡಾಟ್ ಗವ್ ಅನ್ನುವ ಅವರ ತಾಣದಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವುದು, ಅದಕ್ಕೆ ನಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ಜೋಡಿಸುವುದು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಸಂಶೋಧನಾ ಸಂಸ್ಥೆ. ಪ್ರಾಜೆಕ್ಟ್, ಬಜೆಟ್, ಸಿಬ್ಬಂದಿ ವಿವರ ಎಲ್ಲ ಒಂದು ಸಾಫ್ಟ್‌ವೇರ್‌ನಲ್ಲಿದೆ. ಅದನ್ನು ಗ್ರಾಂಟ್ಸ್ ಡಾಟ್ ಗವ್‌ಗೆ ನೇರವಾಗಿ ಜೋಡಿಸಬಹುದಂತೆ, ಹೌದಾ? ಮಾಡಿಸಬೇಕಾ? (ವಿದ್ಯಾನಗರ, ದಾವಣಗೆರೆ)

ಹೌದು, ಜೋಡಿಸಬಹುದು. ಇದಕ್ಕೆ ಸಿಸ್ಟಂ ಟು ಸಿಸ್ಟಂ ಅಂತ ಕರೆಯುತ್ತಾರೆ. ನಿಮ್ಮ ಸಾಫ್ಟ್‌ವೇರ್ ಅರ್ಜಿಯನ್ನು ತಾನೇ ಕಟ್ಟಿ, ಅವರ ಸರ್ವರ್‌ಗೆ ಕಳಿಸಿ, ಅದರ ಸ್ಥಿತಿ ಏನಾಯಿತು ಅಂತಲೂ ಕೇಳಿ ತಿಳಿದುಕೊಳ್ಳುತ್ತದೆ. ಒಂದೇ ವಿಳಾಸ, ಒಂದೇ ಬಜೆಟ್ ಅಂಕಿಯನ್ನು ನಾಲ್ಕು ಫಾರಂಗಳಲ್ಲಿ ಟೈಪ್ ಮಾಡುವ ಕೆಲಸ ತಪ್ಪುತ್ತದೆ.

ಮಾಡಿಸಬೇಕಾ ಅನ್ನುವುದಕ್ಕೆ ನನ್ನ ಉತ್ತರ ಬೇರೆ. ವರ್ಷಕ್ಕೆ ಎಷ್ಟು ಅರ್ಜಿ ಹಾಕುತ್ತೀರಿ? ಎರಡೋ ಮೂರೋ ಆದರೆ ಖಂಡಿತ ಬೇಡ. ಅದೇ ತಾಣದಲ್ಲಿ ವರ್ಕ್‌ಸ್ಪೇಸ್ ಅಂತ ಇದೆ. ಅದು ಉಚಿತ. ಬಜೆಟ್ ಒಬ್ಬರು, ಯೋಜನೆಯ ವಿವರ ಇನ್ನೊಬ್ಬರು ಅಂತ ಹಂಚಿಕೊಂಡು ಒಂದೇ ಅರ್ಜಿಯನ್ನು ತುಂಬಬಹುದು. ಮೊದಲು ಇಡೀ ಅರ್ಜಿಯನ್ನು ಒಂದೇ ಪಿಡಿಎಫ್ ಆಗಿ ಇಳಿಸಿಕೊಂಡು ತುಂಬಬೇಕಿತ್ತು, ಆ ಪದ್ಧತಿ 2017ರ ಕೊನೆಗೆ ನಿಂತುಹೋಯಿತು. ಎನ್‌ಐಹೆಚ್‌ಗೆ, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಗೆ ಮಾತ್ರ ಅರ್ಜಿ ಹಾಕುವವರಿಗೆ ಅವರದೇ ಅಸಿಸ್ಟ್ ಅನ್ನುವ ವ್ಯವಸ್ಥೆಯೂ ಇದೆ.

ವರ್ಷಕ್ಕೆ ಇಪ್ಪತ್ತು ದಾಟಿತು, ಹತ್ತಾರು ಸಂಶೋಧಕರಿದ್ದಾರೆ ಅಂದರೆ ಆಗ ಯೋಚಿಸಿ. ಆಗಲೂ ಹೊಸದಾಗಿ ಕೋಡ್ ಬರೆಸುವ ಮೊದಲು, ಈಗಾಗಲೇ ಜೋಡಣೆ ಇರುವ ಸಾಫ್ಟ್‌ವೇರ್ ಕೊಂಡರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಕೋಡ್ ಬರೆಯುವ ಖರ್ಚು ಒಂದು ಸಲದ್ದು. ಅಲ್ಲಿ ಫಾರಂ ಬದಲಾದಾಗಲೆಲ್ಲ ಇಲ್ಲಿ ಕೋಡ್ ತಿದ್ದುವ ಖರ್ಚು ಪ್ರತಿ ವರ್ಷದ್ದು.

ಪ್ರಶ್ನೆ: ನಾನು ಒಂದು ಸಂಸ್ಥೆಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಈ ಜೋಡಣೆಯ ಕೆಲಸ ನನಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ? (ಚಿತ್ರದುರ್ಗ)

ಸರ್ಟಿಫಿಕೇಟ್‌ನಿಂದ. ಕೋಡ್ ಆಮೇಲೆ.

ಇಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ನಡೆಯುವುದಿಲ್ಲ. ಅವರ ಸರ್ವರ್ ತನ್ನ ಗುರುತು ತೋರಿಸುತ್ತದೆ, ನಿಮ್ಮ ಸರ್ವರ್ ಕೂಡ ತನ್ನ ಗುರುತು ತೋರಿಸಬೇಕು. ಎರಡೂ ಕಡೆ ಡಿಜಿಟಲ್ ಸರ್ಟಿಫಿಕೇಟ್ ಬೇಕು ಅಂತ ಅರ್ಥ. ಅವರು ಒಪ್ಪುವ ಪ್ರಾಧಿಕಾರದಿಂದ ಅದನ್ನು ಕೊಂಡು, ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ನೋಂದಾಯಿಸಬೇಕು. ಕೊಳ್ಳುವಾಗ ಒಂದು ಮಾತು ಬಾಯಿಬಿಟ್ಟು ಕೇಳಿ: ಇದು ಕ್ಲೈಂಟ್ ಅಥೆಂಟಿಕೇಶನ್‌ಗೆ, ಅಂದರೆ ಸಂಪರ್ಕಿಸುವ ಕಡೆಯವರು ತಮ್ಮ ಗುರುತು ತೋರಿಸುವುದಕ್ಕೆ ಆಗುತ್ತಾ? ವೆಬ್‌ಸೈಟ್‌ಗೆ ಹಾಕುವ ಸಾಮಾನ್ಯ ಸರ್ಟಿಫಿಕೇಟ್‌ಗಳಿಂದ ಆ ಸೌಲಭ್ಯವನ್ನು ಕಂಪನಿಗಳು ತೆಗೆಯುತ್ತಿವೆ. ಹಳೆಯ ಸರ್ಟಿಫಿಕೇಟ್ ಕೆಲಸ ಮಾಡುತ್ತಿತ್ತು, ಹೊಸದೂ ಮಾಡುತ್ತದೆ ಅಂತ ನಂಬಬೇಡಿ.

ನವೀಕರಣದ ವಿಷಯ ಇನ್ನೂ ಮುಖ್ಯ. ಹಿಂದೆ ನಾನಿದ್ದ ಒಂದು ಕಡೆ ಶುಕ್ರವಾರ ಸಂಜೆ ಸರ್ಟಿಫಿಕೇಟ್ ಬದಲಾಯಿಸಿದರು. ಹೊಸದು ಬಂತು, ಸರ್ವರ್‌ಗೆ ಹಾಕಿದ್ದೂ ಆಯಿತು. ಹೊಸ ಸರ್ಟಿಫಿಕೇಟ್‌ಗೆ ಸೀರಿಯಲ್ ನಂಬರ್ ಬೇರೆ ಇರುತ್ತದೆ, ಅದನ್ನು ಆ ಕಡೆ ಮತ್ತೆ ನೋಂದಾಯಿಸಬೇಕು ಅನ್ನುವುದು ಯಾರ ನೆನಪಿನಲ್ಲೂ ಇರಲಿಲ್ಲ. ಸೋಮವಾರ ಕೊನೆಯ ದಿನ. ಕಳಿಸಿದ್ದೆಲ್ಲ ವಾಪಸ್. ಅವತ್ತು ಒಬ್ಬರು ಬಜೆಟ್ ಅಂಕಿ ಓದಿ ಹೇಳುವುದು, ಒಬ್ಬರು ವರ್ಕ್‌ಸ್ಪೇಸ್‌ನಲ್ಲಿ ಟೈಪ್ ಮಾಡುವುದು, ನಾನು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ತಾಳೆ ನೋಡುವುದು, ಹೀಗೆ ಅರ್ಜಿಯನ್ನು ಕೈಯಲ್ಲೇ ತುಂಬಿ ಮುಗಿಸಿದೆವು. ಅದಕ್ಕೇ ಹೇಳುತ್ತಿದ್ದೇನೆ. ಸರ್ಟಿಫಿಕೇಟ್ ಮುಗಿಯುವ ತಾರೀಖನ್ನು ನಿಮ್ಮ ಮೊಬೈಲ್‌ನಲ್ಲಷ್ಟೇ ಅಲ್ಲ, ಆಫೀಸಿನ ಗೋಡೆಯ ಕ್ಯಾಲೆಂಡರ್‌ನಲ್ಲೂ ಬರೆದಿಡಿ. ಒಂದು ವರ್ಷಕ್ಕೂ ಸ್ವಲ್ಪ ಜಾಸ್ತಿ, ಅಂದರೆ 398 ದಿನ ಬಾಳುತ್ತಿದ್ದ, ವೆಬ್‌ಸೈಟ್‌ಗೆ ಹಾಕುವ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಆಯಸ್ಸು 2026ರ ಮಾರ್ಚ್‌ನಿಂದ 200 ದಿನ, 2027ರಿಂದ 100 ದಿನ, 2029ರಿಂದ 47 ದಿನ ಅಂತ ತೀರ್ಮಾನ ಆಗಿದೆ. ನಿಮ್ಮದು ಆ ಜಾತಿಯದಾದರೆ ಈ ನೋಂದಣಿಯ ಕೆಲಸ ಪದೇ ಪದೇ ಬರುತ್ತದೆ.

ಇನ್ನು ಕೋಡ್. ಅವರದು ಸೋಪ್ ವೆಬ್ ಸರ್ವಿಸ್, ಅಂದರೆ ಎಕ್ಸ್‌ಎಂಎಲ್ ಅನ್ನುವ ಕಟ್ಟುನಿಟ್ಟಿನ ಬರಹದಲ್ಲಿ ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಪದ್ಧತಿ. ಈಗಿನ ಹುಡುಗರು ರೆಸ್ಟ್, ಜೇಸನ್ ಅನ್ನುವ ಹೊಸ ಪದ್ಧತಿ ಕಲಿತು ಬಂದಿರುತ್ತಾರೆ, ಇದು ಅವರಿಗೆ ಹಳೆಯ ಕಾಲದ್ದು ಅನ್ನಿಸಬಹುದು. ಆದರೂ ಕಟ್ಟುನಿಟ್ಟು ಇರುವುದರಿಂದ ತಪ್ಪು ಬೇಗ ಸಿಕ್ಕಿಬೀಳುತ್ತದೆ, ನನಗೆ ಅದು ಇಷ್ಟ. ನೀವು ಅರ್ಜಿ ಹಾಕಲಿರುವ ಅವಕಾಶದ (ಪ್ರಕಟವಾದ ಒಂದೊಂದು ಅನುದಾನಕ್ಕೂ ಹಾಗೆನ್ನುತ್ತಾರೆ) ನಂಬರ್ ಕೊಟ್ಟು ಕೇಳಿದರೆ, ಅದರ ಸ್ಕೀಮಾ ಎಲ್ಲಿದೆ ಅಂತ ಅವರೇ ವಿಳಾಸ ಕೊಡುತ್ತಾರೆ. ಸ್ಕೀಮಾ ಅಂದರೆ ಯಾವ ಫಾರಂನಲ್ಲಿ ಯಾವ ಖಾನೆ, ಯಾವ ಕ್ರಮದಲ್ಲಿ, ಎಷ್ಟು ಅಕ್ಷರ ಅಂತ ಹೇಳುವ ನಕ್ಷೆ. ಅದರ ಪ್ರಕಾರ ಎಕ್ಸ್‌ಎಂಎಲ್ ಕಟ್ಟಬೇಕು. ಕ್ರಮ ತಪ್ಪುವ ಹಾಗಿಲ್ಲ. ಊರಿನ ಹೆಸರು ಬರಬೇಕಾದ ಕಡೆ ಪಿನ್ ಕೋಡ್ ಮೊದಲು ಬಂದರೆ, ಎರಡೂ ಸರಿಯಾಗಿದ್ದರೂ ಅರ್ಜಿ ತಪ್ಪೇ. ಫಾರಂಗಳಿಗೆ ವರ್ಶನ್ ನಂಬರ್ ಇರುತ್ತದೆ. ಎಸ್‌ಎಫ್-424 ಅನ್ನುವ ಮುಖ್ಯ ಫಾರಂಗೂ ಇದೆ. ಹೋದ ವರ್ಷದ ವರ್ಶನ್ ಈ ವರ್ಷದ ಅವಕಾಶಕ್ಕೆ ನಡೆಯದೇ ಇರಬಹುದು. ಆದ್ದರಿಂದ ಕಳಿಸುವ ಮೊದಲು ನಿಮ್ಮ ಕಡೆಯೇ ಸ್ಕೀಮಾ ಇಟ್ಟು ತಾಳೆ ನೋಡಿಸಿ.

ಜೊತೆಗೆ ಕಳಿಸುವ ಪ್ರತಿ ಫೈಲ್‌ಗೂ ಹ್ಯಾಶ್ ಅಂತ ಒಂದು ಬೆರಳಚ್ಚು ಲೆಕ್ಕ ಹಾಕಿ ಬರೆಯಬೇಕು. ಹ್ಯಾಶ್ ಲೆಕ್ಕ ಹಾಕಿದ ಮೇಲೆ ಯಾರೋ ಫೈಲ್ ತೆರೆದು ಒಂದು ಚುಕ್ಕಿ ತಿದ್ದಿ ಸೇವ್ ಮಾಡಿದರೂ ಅದು ತಾಳೆಯಾಗುವುದಿಲ್ಲ. ಹ್ಯಾಶ್ ಲೆಕ್ಕ ಕಳಿಸುವ ಗಳಿಗೆಯಲ್ಲೇ ಆಗಲಿ, ಹಿಂದಿನ ದಿನ ಮಾಡಿಡಬೇಡಿ.

ಇದನ್ನೆಲ್ಲ ಪರೀಕ್ಷೆ ಮಾಡುವುದಕ್ಕೆ ತರಬೇತಿ ಸರ್ವರ್ ಬೇರೆ ಇದೆ. ಅಲ್ಲಿ ಹತ್ತು ಸಲ ಸೋತರೂ ಯಾರಿಗೂ ನಷ್ಟ ಇಲ್ಲ. ಇನ್ನೊಂದು ಕಳಕಳಿಯ ಮಾತು. ಅರ್ಜಿ ಕಳಿಸುವುದು ಯಂತ್ರ, ಜವಾಬ್ದಾರಿ ಮಾತ್ರ ಸಂಸ್ಥೆಯ ಪರವಾಗಿ ಸಹಿ ಮಾಡುವ ಅಧಿಕಾರಿಯದ್ದು. ಅವರು ನೋಡಿ ಒಪ್ಪಿದ ಮೇಲೆಯೇ ಕಳಿಸುವ ಗುಂಡಿ ಕೆಲಸ ಮಾಡುವ ಹಾಗೆ ನಿಮ್ಮ ಸಾಫ್ಟ್‌ವೇರ್ ಇರಲಿ.

ಪ್ರಶ್ನೆ: ಅರ್ಜಿ ಕಳಿಸಿದ ತಕ್ಷಣ ಟ್ರ್ಯಾಕಿಂಗ್ ನಂಬರ್ ಬಂತು. ಎಲ್ಲರಿಗೂ ಪೇಡಾ ಹಂಚಿದೆವು. ಮಾರನೇ ದಿನ ತಿರಸ್ಕೃತ ಅಂತ ಮೇಲ್. ಏನಾಗಿರಬಹುದು? (ಹರಿಹರ)

ಓದಿ ಬೇಜಾರಾಯಿತು. ಆ ನಂಬರ್ ಅಂದರೆ ಲಕೋಟೆ ಕೈಗೆ ಸಿಕ್ಕಿತು ಅಂತ ಮಾತ್ರ. ಒಳಗೆ ಏನಿದೆ ಅಂತ ಆಗ ಇನ್ನೂ ಯಾರೂ ನೋಡಿರುವುದಿಲ್ಲ. ಆಮೇಲೆ ಪರಿಶೀಲನೆ. ಅದರಲ್ಲಿ ವ್ಯಾಲಿಡೇಟೆಡ್ ಅಥವಾ ರಿಜೆಕ್ಟೆಡ್ ವಿತ್ ಎರರ್ಸ್ ಅಂತ ಬರುತ್ತದೆ. ಪಾಸಾದದ್ದನ್ನು ಸಂಬಂಧಪಟ್ಟ ಇಲಾಖೆ ತೆಗೆದುಕೊಂಡು ತನ್ನದೇ ನಂಬರ್ ಕೊಡುತ್ತದೆ. ಕೆಲವು ಇಲಾಖೆಗಳು ತಮ್ಮದೇ ನಿಯಮ ಇಟ್ಟು ಇನ್ನೊಂದು ಸಲ ಜಾಲಿಸುತ್ತವೆ, ಎನ್‌ಐಹೆಚ್ ಹಾಗೇ ಮಾಡುತ್ತದೆ. ನಿಮ್ಮ ಸಾಫ್ಟ್‌ವೇರ್ ಮೊದಲ ನಂಬರ್ ಬಂದ ಕೂಡಲೇ ಹಸಿರು ಟಿಕ್ ಹಾಕುತ್ತಿದ್ದರೆ ಅದನ್ನು ಇವತ್ತೇ ತಿದ್ದಿಸಿ. ಇಲಾಖೆಯ ನಂಬರ್ ಬರುವ ತನಕ ಅದು ಸ್ಥಿತಿಯನ್ನು ಕೇಳುತ್ತಲೇ ಇರಬೇಕು.

ನೀವು ಕಳಿಸಿದ ಪಟ್ಟಿಯಲ್ಲಿ ಫೈಲ್‌ಗಳ ಹೆಸರು ನೋಡಿದೆ. ಒಂದರ ಹೆಸರು ಕನ್ನಡದಲ್ಲಿ ‘ಬಜೆಟ್ ಕೊನೆಯದು’ ಅಂತಿದೆ. ಇನ್ನೆರಡು ಫೈಲ್‌ಗಳಿಗೆ ಒಂದೇ ಹೆಸರು. ತೊಂದರೆ ಇಲ್ಲೇ ಇದ್ದ ಹಾಗಿದೆ. ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅವರು ಒಪ್ಪುವ ಕೆಲವು ಚಿಹ್ನೆಗಳಲ್ಲಿ ಮಾತ್ರ ಇರಬೇಕು, 50 ಅಕ್ಷರ ದಾಟಬಾರದು, ಒಂದು ಅರ್ಜಿಯಲ್ಲಿ ಎರಡು ಫೈಲ್‌ಗೆ ಒಂದೇ ಹೆಸರು ಇರಬಾರದು. ಕನ್ನಡದಲ್ಲಿ ಹೆಸರಿಡುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಹಾಗೇ ಇರಲಿ, ನನಗೂ ಅದೇ ಇಷ್ಟ. ಕಳಿಸುವಾಗ ಹೆಸರು ಬದಲಾಯಿಸುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿ.

ಪ್ರಶ್ನೆ: ನೋಂದಣಿಗೇ ತಿಂಗಳುಗಟ್ಟಲೆ ಹಿಡಿಯುತ್ತಿದೆ. ವಿಳಾಸ ತಾಳೆಯಾಗುತ್ತಿಲ್ಲ ಅನ್ನುತ್ತಾರೆ. ಏಜೆಂಟ್ ಒಬ್ಬರು ದುಡ್ಡು ಕೊಟ್ಟರೆ ಮಾಡಿಸುತ್ತೇನೆ ಅನ್ನುತ್ತಿದ್ದಾರೆ. (ನಿಟ್ಟುವಳ್ಳಿ, ದಾವಣಗೆರೆ)

ದುಡ್ಡು ಕೊಡಬೇಡಿ. ಅರ್ಜಿ ಹಾಕುವ ಮೊದಲು ಸಂಸ್ಥೆಗಳು ಹೆಸರು ದಾಖಲಿಸುವ ಅಮೆರಿಕ ಸರ್ಕಾರದ ತಾಣ ಸ್ಯಾಮ್ ಡಾಟ್ ಗವ್, ಅಲ್ಲಿ ನೋಂದಣಿ ಪೂರ್ತಿ ಉಚಿತ. ಅಮೆರಿಕದ ಹೊರಗಿನ ಸಂಸ್ಥೆಗೆ ಹಿಂದೆ ಎನ್‌ಕೇಜ್ ಅನ್ನುವ ನ್ಯಾಟೋ ಗುರುತಿನ ಕೋಡ್ ಮೊದಲು ಬೇಕಿತ್ತು, 2022ರ ನಂತರ ಎಲ್ಲ ಅನುದಾನಕ್ಕೂ ಅದು ಕಡ್ಡಾಯ ಅಲ್ಲ, ಅವಕಾಶದ ಪ್ರಕಟಣೆಯಲ್ಲಿ ಕೇಳಿದ್ದಾರಾ ನೋಡಿ. ಸ್ಯಾಮ್‌ನಲ್ಲಿ ಯುಇಐ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಕೊಡುತ್ತಾರೆ. 2022ರ ಏಪ್ರಿಲ್ 4ರಿಂದ ಖಾಸಗಿ ಕಂಪನಿಯೊಂದು ಕೊಡುತ್ತಿದ್ದ ಹಳೆಯ ಡನ್ಸ್ ನಂಬರ್ ಜಾಗದಲ್ಲಿ ಇದೇ ನಡೆಯುತ್ತಿದೆ.

ವಿಳಾಸದ ತೊಂದರೆ ನಮ್ಮ ಊರಿನ ಹೆಸರಿನಲ್ಲೇ ಇದೆ. ದಾವಣಗೆರೆಯನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಕೆಲವರು ಎನ್ ಆದಮೇಲೆ ಒಂದು ಎ ಹಾಕುತ್ತಾರೆ, ಕೆಲವರು ಬಿಡುತ್ತಾರೆ. ನಿಮ್ಮ ಟ್ರಸ್ಟ್ ಡೀಡ್, ಪ್ಯಾನ್ ದಾಖಲೆ, ಕರೆಂಟ್ ಬಿಲ್ ಮೂರನ್ನೂ ಟೇಬಲ್ ಮೇಲೆ ಹರಡಿ ನೋಡಿ, ಒಂದರಲ್ಲಾದರೂ ಬೇರೆ ಇರುತ್ತದೆ. ನಮಗೆ ಎರಡೂ ಒಂದೇ ಊರು. ದೂರದಲ್ಲಿ ಕೂತು ಅಕ್ಷರ ತಾಳೆ ನೋಡುವವರಿಗೆ ಎರಡು ಊರು. ಒಂದು ಬರಹ ಗೊತ್ತು ಮಾಡಿಕೊಂಡು ಎನ್‌ಕೇಜ್ ಇದ್ದರೆ ಅದು, ಸ್ಯಾಮ್, ನಿಮ್ಮ ಸಾಫ್ಟ್‌ವೇರ್ ಎಲ್ಲ ಕಡೆ ಅದನ್ನೇ ಹಾಕಿ. ಸ್ಯಾಮ್ ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು ಅನ್ನುವುದು ನೆನಪಿರಲಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟ್ರಸ್ಟ್‌ಗೆ ವಿದೇಶಿ ಸರ್ಕಾರದ ಹಣ ಬಂದರೆ ಅದು ನಮ್ಮ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಡಿ ವಿದೇಶಿ ದೇಣಿಗೆ. ನೋಂದಣಿ ಇರಬೇಕು, ಇಲ್ಲವೇ ಆ ಒಂದು ಹಣಕ್ಕೆ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅರ್ಜಿಯಲ್ಲಿ ಪಾಲುದಾರ ಸಂಸ್ಥೆಗೆ ಇಷ್ಟು ಅಂತ ಬಜೆಟ್ ಬರೆಯುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಪ್ರಶ್ನೆ: ಕೊನೆಯ ದಿನ ಅಂದರೆ ಯಾರ ಗಡಿಯಾರದ ಪ್ರಕಾರ? (ಹಿರಿಯೂರು)

ಅವಕಾಶದ ಪ್ರಕಟಣೆಯಲ್ಲಿ ಬರೆದಿರುತ್ತದೆ, ಪ್ರತಿ ಸಲ ಅದನ್ನೇ ನೋಡಿ. ಅಮೆರಿಕದ ಪೂರ್ವ ಭಾಗದ ಸಮಯ ರಾತ್ರಿ 11:59 ಅಂತಿದ್ದರೆ, ನಮಗೆ ಮಾರನೇ ದಿನ ಬೆಳಗ್ಗೆ ಅವರ ಬೇಸಿಗೆಯಲ್ಲಿ 9:29, ಚಳಿಗಾಲದಲ್ಲಿ 10:29. ಅವರು ಮಾರ್ಚ್‌ನಲ್ಲೂ ನವೆಂಬರ್‌ನಲ್ಲೂ ಗಡಿಯಾರ ತಿರುಗಿಸುತ್ತಾರೆ, ಅದಕ್ಕೇ ಒಂದು ಗಂಟೆ ವ್ಯತ್ಯಾಸ. ಎನ್‌ಐಹೆಚ್‌ನಲ್ಲಿ ಅರ್ಜಿ ಹಾಕುವ ಸಂಸ್ಥೆ ಇರುವ ಊರಿನ ಸಂಜೆ 5 ಗಂಟೆ ಲೆಕ್ಕ, ಅಂದರೆ ನಿಮ್ಮ ಹಿರಿಯೂರಿನ 5 ಗಂಟೆ. ಸಾಫ್ಟ್‌ವೇರ್‌ನಲ್ಲಿ ಇವೆರಡಕ್ಕೂ ಒಂದೇ ಗಡಿಯಾರ ಇಟ್ಟಿದ್ದರೆ ಬೇರೆ ಮಾಡಿಸಿ. ಮೂರು ದಿನ ಮೊದಲೇ ಕಳಿಸಿದರೆ, ತಪ್ಪು ಬಂದರೂ ತಿದ್ದಿ ಮತ್ತೆ ಕಳಿಸಲು ಸಮಯ ಇರುತ್ತದೆ.