ಇಲ್ಲಿ ಪೋಸ್ಟ್ ಹಾಕಿದರೆ ಅಲ್ಲಿ ಗುಂಡು ನಿಲ್ಲುತ್ತಾ?

ಪ್ರಶ್ನೆ: ನನ್ನದು ಹುಣಸೂರು ಕಡೆ. ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. 2023ರಲ್ಲಿ ನಮ್ಮ ಕಡೆಯ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಆ ಊರಿನ ಹೆಸರು ಮೊದಲು ಕೇಳಿದ್ದು. ಅಲ್ಲಿ ಸತ್ತವರ ನೆನಪಿಗೆ ಅಂತ ನಾವು ಗೆಳತಿಯರು ಈಗ ಇನ್‌ಸ್ಟಾಗ್ರಾಂ ಪೇಜ್ ಶುರು ಮಾಡಿದ್ದೇವೆ. ‘ನೀವು ಇಲ್ಲಿ ಪೋಸ್ಟ್ ಹಾಕಿದರೆ ಅಲ್ಲಿ ಗುಂಡು ನಿಲ್ಲುತ್ತಾ?’ ಅಂತ ಕ್ಲಾಸಿನವರು ಆಡಿಕೊಳ್ಳುತ್ತಾರೆ. ಇದನ್ನು ಮುಂದುವರಿಸಬೇಕಾ? ಹೇಗೆ?

ಉತ್ತರ: ಗುಂಡು ನಿಲ್ಲುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡಿ. ಆದರೂ ಮುಂದುವರಿಸಿ.

ನಮ್ಮವರು ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ವಾಪಸ್ ಬಂದರು. ಅಲ್ಲಿನವರಿಗೆ ಹೋಗಲು ಜಾಗವಿರಲಿಲ್ಲ. ಒಂದೂವರೆ ವರ್ಷದ ಮುತ್ತಿಗೆಯ ನಂತರ, 2025ರ ಅಕ್ಟೋಬರ್ 26ರಂದು ಸುಡಾನ್ ಸೇನೆಯ ಜೊತೆ ಕಾದಾಡುತ್ತಿದ್ದ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ ಆ ಊರನ್ನು ಹಿಡಿಯಿತು. ಸೌದಿ ಹೆರಿಗೆ ಆಸ್ಪತ್ರೆ ಒಂದರಲ್ಲೇ 460ಕ್ಕೂ ಹೆಚ್ಚು ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಫೋನ್, ಇಂಟರ್ನೆಟ್ ಎರಡೂ ಕಡಿತವಾಗಿದ್ದವು. ಒಳಗಿದ್ದವರು ತಮ್ಮ ಮನೆಯವರ ಹೆಸರು ಹೇಳಿಕೊಳ್ಳಲೂ ಆಗದ ಹೊತ್ತಿನಲ್ಲಿ ಹೊರಗಿನವರೇ ಬರೆದಿಡಬೇಕು. ನಾಳೆ ‘ಇಷ್ಟು ಜನ ಸತ್ತೇ ಇಲ್ಲ’ ಎಂದು ಯಾರಾದರೂ ಹೇಳುತ್ತಾರೆ, ಹೇಳೇ ಹೇಳುತ್ತಾರೆ. ಆಗ ಕೈಯಲ್ಲಿ ಪಟ್ಟಿ ಇರಬೇಕು ಅಲ್ವಾ?

ಸುಡಾನ್‌ನದೇ ಹಳೆಯ ಉದಾಹರಣೆ ಒಂದಿದೆ. 2019ರ ಜೂನ್ 3ರಂದು ಖಾರ್ಟೂಮ್‌ನಲ್ಲಿ ಧರಣಿ ಕೂತವರ ಮೇಲೆ ಗುಂಡು ಹಾರಿತು. ಸತ್ತವರಲ್ಲಿ ಮೊಹಮ್ಮದ್ ಮತ್ತರ್ ಎಂಬ 26ರ ಹುಡುಗನೂ ಇದ್ದ. ಅವನಿಗೆ ಇಷ್ಟವಾದ ನೀಲಿ ಬಣ್ಣವನ್ನು ಮನೆಯವರು, ಗೆಳೆಯರು ಡಿಪಿ ಮಾಡಿಕೊಂಡರು. ನೋಡನೋಡುತ್ತಲೇ ಲೋಕದ ತುಂಬ ಸಾವಿರಾರು ಡಿಪಿಗಳು ನೀಲಿಯಾದವು. ಆ ದಿನಗಳಲ್ಲಿ ದೇಶದೊಳಗೆ ಸುಮಾರು ಒಂದು ತಿಂಗಳು ಇಂಟರ್ನೆಟ್ಟೇ ಇರಲಿಲ್ಲ. ಸುದ್ದಿ ಬದುಕಿದ್ದು ಹೊರಗಿನ ಹುಡುಗ ಹುಡುಗಿಯರಿಂದ. ಅದೇ ದಿನಗಳಲ್ಲಿ ಇನ್‌ಸ್ಟಾಗ್ರಾಂನಲ್ಲಿ ‘ಸುಡಾನ್ ಮೀಲ್ ಪ್ರಾಜೆಕ್ಟ್’ ಎಂಬ ಖಾತೆಯೂ ಹುಟ್ಟಿಕೊಂಡಿತು. ಪ್ರತಿ ಶೇರ್‌ಗೆ ಹಸಿದವರಿಗೆ ಊಟ ಅಂದಿತು. ಲಕ್ಷಗಟ್ಟಲೆ ಫಾಲೋವರ್ಸ್ ಬಂದರು. ಊಟ ಮಾತ್ರ ಎಲ್ಲೂ ಇರಲಿಲ್ಲ. ಹಾಗಾಗಿ ನಿಮ್ಮ ಪೇಜ್‌ನಲ್ಲಿ ಕ್ಯೂಆರ್ ಕೋಡ್ ಹಾಕಿ ದುಡ್ಡು ಕೇಳಲೇಬೇಡಿ, ಎಷ್ಟೇ ಒಳ್ಳೆ ಮನಸ್ಸಿದ್ದರೂ.

ದಿನಕ್ಕೆ ಇಪ್ಪತ್ತು ಹೆಸರು ಹಾಕುವ ಅವಸರ ಬೇಡ. ವಾರಕ್ಕೆ ಒಂದೇ ಇರಲಿ, ಗಟ್ಟಿಯಾಗಿರಲಿ. ಹೆಸರು, ವಯಸ್ಸು, ಊರು, ಏನು ಕೆಲಸ ಮಾಡುತ್ತಿದ್ದರು, ಈ ವಿಷಯ ನಿಮಗೆ ಎಲ್ಲಿಂದ ಬಂತು, ನೀವು ನೋಡಿದ ತಾರೀಖು ಯಾವುದು: ಇಷ್ಟನ್ನೂ ಬರೆಯಿರಿ. ಹೆಸರನ್ನು ಅರಬ್ಬಿ ಲಿಪಿಯಲ್ಲೂ ಹಾಕಿ. ಒಂದೇ ಅರಬ್ಬಿ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ಒಬ್ಬರೇ ಎರಡು ಸಲ ಪಟ್ಟಿ ಸೇರಿದರೆ, ಅನುಮಾನ ಪಡುವವರಿಗೆ ಅಷ್ಟೇ ಸಾಕು.

ಫೋಟೋ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬದುಕಿದ್ದಾಗಿನದ್ದನ್ನೇ ಹಾಕಿ. ಅದೂ ಮನೆಯವರು ತಾವಾಗಿ ಹಂಚಿಕೊಂಡದ್ದಾಗಿರಲಿ. ಎಲ್ ಫಾಶರ್‌ನಲ್ಲಿ ಕೊಂದವರೇ ವಿಡಿಯೊ ಮಾಡಿ ಹರಿಬಿಟ್ಟರು, ಮೆರೆಯುವುದಕ್ಕೆ. ಅದನ್ನು ನೀವು ಶೇರ್ ಮಾಡಿದರೆ ಅವರ ಕೆಲಸವನ್ನೇ ಮಾಡಿದಂತೆ. ಎಐ ಚಿತ್ರಗಳೂ ಆಗ ಬೇಕಾದಷ್ಟು ಓಡಾಡಿದವು. ಯಾವ ಫೋಟೋ ಆದರೂ ಮೊದಲು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ.

ಇನ್ನೊಂದು ವಿಷಯ. ಇನ್‌ಸ್ಟಾಗ್ರಾಂ ನಿಮ್ಮ ಸ್ವಂತ ಬೀರು ಅಲ್ಲ. 2017ರಲ್ಲಿ ಯೂಟ್ಯೂಬ್‌ನ ಹೊಸ ತಂತ್ರಾಂಶ ಉಗ್ರರ ವಿಡಿಯೊ ಹುಡುಕಲು ಹೋಗಿ, ಸಿರಿಯಾ ಯುದ್ಧಕ್ಕೆ ಸಾಕ್ಷಿಯಾಗಿದ್ದ ಸಾವಿರಾರು ವಿಡಿಯೊಗಳನ್ನೂ ಅಳಿಸಿತು. ಯುದ್ಧದ ಸಾಕ್ಷ್ಯ ಕೂಡಿಡುವ ‘ಸಿರಿಯನ್ ಆರ್ಕೈವ್’ ಎಂಬ ಗುಂಪಿನವರು ಎತ್ತಿಟ್ಟುಕೊಂಡದ್ದು ಉಳಿಯಿತು. ಎಲ್ಲವನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ. ನನ್ನ ಮಗನೂ ಇಂಥದ್ದೇ ಪೇಜ್ ನಡೆಸುತ್ತಾನೆ. ಕೇಸು ಗೀಸು ಆಗುತ್ತಾ ಸಾರ್?

ಉತ್ತರ: ಸತ್ತವರನ್ನು ನೆನೆಯುವುದು ಅಪರಾಧ ಅಲ್ಲ. ಆನ್‌ಲೈನ್ ಬರಹಕ್ಕೆ ಸುಲಭವಾಗಿ ಕೇಸು ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಆದರೆ ಒಂದು ಧರ್ಮದವರನ್ನೋ ಜನಾಂಗವನ್ನೋ ಬೈದು ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ. ಮಗ ಬರೆದದ್ದಕ್ಕಿಂತ ಕೆಳಗೆ ಬರುವ ಕಾಮೆಂಟುಗಳೇ ಜಾಸ್ತಿ ತಲೆನೋವು. ಅಂಥದ್ದು ಕಂಡ ತಕ್ಷಣ ಡಿಲೀಟ್ ಮಾಡಲು ಹೇಳಿ. ಅವನು ನಮ್ಮ ದೇಶದ ಘಟನೆಗಳನ್ನೂ ಹಾಕುತ್ತಾನಾದರೆ ಇನ್ನೊಂದು ಎಚ್ಚರ ಬೇಕು. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಹಾಕುವಂತಿಲ್ಲ, ಅವರು ತೀರಿಕೊಂಡಿದ್ದರೂ ಸಹ. ಅದು ಅದೇ ಸಂಹಿತೆಯ 72ನೇ ಕಲಂ. ಸುಡಾನ್ ವಿಷಯದಲ್ಲೂ ಇದೇ ರೂಢಿ ಇಟ್ಟುಕೊಂಡರೆ ಒಳ್ಳೆಯದು. ಅಲ್ಲಿ ಬದುಕುಳಿದ ಹೆಂಗಸರು ಇನ್ನೂ ಕ್ಯಾಂಪುಗಳಲ್ಲೇ ಇದ್ದಾರೆ.