ಆ ಕಂಬ ಯಾರದ್ದು?

ಎಚ್.ಡಿ. ಕೋಟೆ ಕಡೆಯ ಹಾಡಿಯೊಂದರ ಓದುಗರು ಬರೆದಿದ್ದಾರೆ: "ಮೂಲನಿವಾಸಿಗಳು ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ ಅಂತ ಹೋದ ಸಂಚಿಕೆಯಲ್ಲಿ ಓದಿದೆ. ನಮ್ಮ ಹಾಡಿಗೂ ಸೋಲಾರ್ ದೀಪ ಬಂದಿತ್ತು. ಎರಡೇ ವರ್ಷಕ್ಕೆ ಬ್ಯಾಟರಿ ಕೆಟ್ಟಿತು. ಹಾಕಿದವರು ತಿರುಗಿ ನೋಡಲಿಲ್ಲ. ಈಗ ಆ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೇವೆ. ನೀವು ಬರೆದದ್ದು ಸುಮ್ನೆ ಚಂದದ ಮಾತಲ್ವಾ?"

ನಿಮ್ಮ ಪತ್ರ ಓದಿ ಸಂಕಟವಾಯಿತು. ನಾವು ಪ್ಯಾನೆಲ್‌ಗಳ ಬಗ್ಗೆ ಜಾಸ್ತಿ ಬರೆದೆವು. ಅವು ಯಾರ ಹೆಸರಲ್ಲಿವೆ ಅನ್ನುವುದನ್ನೇ ಬಿಟ್ಟುಬಿಟ್ಟೆವು. ಅದನ್ನು ಈಗ ಹೇಳುತ್ತೇನೆ.

ಕೆನಡಾದ ಯೂಕಾನ್ ಪ್ರದೇಶದಲ್ಲಿ ಓಲ್ಡ್ ಕ್ರೋ ಅಂತ ಒಂದು ಊರಿದೆ. ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲೆ. ಇರುವವರು ಸುಮಾರು 250 ಜನ, ಹೆಚ್ಚಿನವರು ವುಂಟುಟ್ ಗ್ವಿಚಿನ್ ಎಂಬ ಮೂಲನಿವಾಸಿ ಸಮುದಾಯದವರು. ತಲೆಮಾರುಗಳಿಂದ ಕ್ಯಾರಿಬೂ ಜಿಂಕೆಗಳನ್ನು ನಂಬಿ ಬದುಕಿದ ಜನ. ಊರಿಗೆ ರಸ್ತೆ ಇಲ್ಲ. ಕರೆಂಟಿಗೆ ಡೀಸೆಲ್ ಜನರೇಟರೇ ಗತಿಯಾಗಿತ್ತು, ಆ ಡೀಸೆಲ್ಲೂ ವಿಮಾನದಲ್ಲೇ ಬರಬೇಕಿತ್ತು.

2019ರಲ್ಲಿ ಈ ಸಮುದಾಯದ ಸರ್ಕಾರವೇ ಹವಾಮಾನ ತುರ್ತು ಪರಿಸ್ಥಿತಿ ಘೋಷಿಸಿತು. ಆಗ ಮುಖ್ಯಸ್ಥರಾಗಿದ್ದವರು ಡೇನಾ ಟಿಜ್ಯಾ-ಟ್ರಾಮ್. 2021ರಲ್ಲಿ ಊರಿನ ಸೋಲಾರ್ ಘಟಕ ಶುರುವಾಯಿತು. 2,160 ಪ್ಯಾನೆಲ್, 940 ಕಿಲೋವಾಟ್, ಜೊತೆಗೆ ಬ್ಯಾಟರಿ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಆಕಾಶದಲ್ಲೇ ಸುತ್ತು ಹಾಕುತ್ತಾನೆ. ಅದಕ್ಕೇ ಪ್ಯಾನೆಲ್‌ಗಳನ್ನು ಪೂರ್ವ, ಪಶ್ಚಿಮ ಎರಡೂ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. ಆ ದಿನಗಳಲ್ಲಿ ಜನರೇಟರ್ ಆರಿಸಿಡಬಹುದು. ವರ್ಷಕ್ಕೆ ಸುಮಾರು 1,89,000 ಲೀಟರ್ ಡೀಸೆಲ್ ಉಳಿಯುತ್ತದೆ ಅನ್ನುವುದು ಲೆಕ್ಕ. ಚಳಿಗಾಲದಲ್ಲಿ ಮಾತ್ರ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಆಗ ಡೀಸೆಲ್ ಬೇಕೇ ಬೇಕು. ವರ್ಷದ ಒಟ್ಟು ಕರೆಂಟಿನಲ್ಲಿ ಸೋಲಾರ್ ಪಾಲು ಸುಮಾರು ಕಾಲುಭಾಗ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇನ್ನೊಂದು ಕಡೆ. ಆ ಘಟಕ ಸಮುದಾಯದ ಸ್ವಂತದ್ದು. ಡೀಸೆಲ್ ಜನರೇಟರ್ ನಡೆಸುವ ಕಂಪನಿಯೇ ಅವರಿಂದ ಕರೆಂಟ್ ಕೊಳ್ಳುತ್ತದೆ, 25 ವರ್ಷದ ಕರಾರು ಆಗಿದೆ. ಘಟಕ ನಿಂತರೆ ಅವರದೇ ವರಮಾನ ನಿಲ್ಲುತ್ತದೆ. ಓಡಿದರೆ ರಿಪೇರಿಗೂ ದುಡ್ಡು ಹುಟ್ಟುತ್ತದೆ. ನಿಮ್ಮ ಹಾಡಿಯಲ್ಲಿ ಹಾಗಿರಲಿಲ್ಲ. ದೀಪ ನಿಮ್ಮ ಅಂಗಳದಲ್ಲಿತ್ತು, ಆದರೆ ನಿಮ್ಮದಾಗಿರಲಿಲ್ಲ. ಎಲ್ಲಿ ಕಂಬ ನೆಡಬೇಕು ಅಂತಲಾದರೂ ನಿಮ್ಮನ್ನು ಯಾರಾದರೂ ಕೇಳಿದ್ದರಾ?

ಓಲ್ಡ್ ಕ್ರೋ ಜನರಿಗೆ ಅವರದೇ ಸರ್ಕಾರವಿದೆ, ನೆಲದ ಹಕ್ಕಿನ ಒಪ್ಪಂದವಿದೆ. ಹಾಡಿಗಳಿಗೆ ಅಷ್ಟು ಬಲ ಇನ್ನೂ ಸಿಕ್ಕಿಲ್ಲ, ಅದು ನನಗೆ ಗೊತ್ತು. ಆದರೂ ಆ ಕಂಬದ ಕಾಗದಪತ್ರಗಳನ್ನು ಪಂಚಾಯಿತಿಯಲ್ಲಿ ಕೇಳಿ, ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟೇ ಕೇಳಿ. ನಿರ್ವಹಣೆ ಯಾರದ್ದು, ಎಷ್ಟು ವರ್ಷ ಅಂತ ಬರೆದಿದೆಯಾ ನೋಡಿ. ಪ್ರತಿ ಸಿಕ್ಕರೆ ನಮಗೂ ಒಂದು ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ